ಶೋಕದ ಮನೆಯಲ್ಲಿ ಸಲಾಯಿ ಮುಟ್ಟಬಹುದೇ?



ಮರಣವು ಯಾರನ್ನೂ ಕೇಳಿ ಬರುವುದಿಲ್ಲ. ನಿನ್ನೆ ನಮ್ಮ ಪಕ್ಕದಲ್ಲಿ ಕುಳಿತು ಚಹಾ ಕುಡಿದವರು ಇಂದು ಕಬರಸ್ತಾನದಲ್ಲಿ ಮಲಗಿರುತ್ತಾರೆ. ಸುದ್ದಿ ಕೇಳಿದ ಕೂಡಲೇ ನಮ್ಮ ನಾಲಿಗೆ ‘ಇನ್ನಾ ಲಿಲ್ಲಾಹಿ’ ಹೇಳುತ್ತದೆ. ಆದರೆ ಮರುದಿನ ಬೆಳಗಾದರೆ ಒಲೆ ಹಚ್ಚಬೇಕು, ಮಕ್ಕಳಿಗೆ ಉಣ್ಣಿಸಬೇಕು, ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಬೇಕು. ಹಾಗೆ ಕೆಲಸಕ್ಕೆ ಕೈಹಾಕಿದರೆ ಮೃತರನ್ನು ಮರೆತಂತಾಗುವುದೇ? ಕೆಲಸ ಬಿಟ್ಟು ಕೂತರೆ ಅವರ ಮೇಲೆ ಪ್ರೀತಿ ತೋರಿಸಿದಂತಾಗುವುದೇ? ಈ ಪ್ರಶ್ನೆಯನ್ನು ನನ್ನ ಶಿಷ್ಯೆಯೊಬ್ಬಳು ನನಗೆ ಕೇಳಿದಳು. ಅವಳಿಗೆ ಆ ದಿನ ನಾನು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ಇಂದು ಅದನ್ನು ನಿಮ್ಮ ಮುಂದೆ ಪೂರ್ಣಗೊಳಿಸಲು ಪ್ರಯತ್ನಿಸುತ್ತೇನೆ.

ನಮ್ಮ ಕಾಕತಿ ಬೆಳಗಾವಿಯ ಮಗ್ಗುಲಲ್ಲಿ, ಹೆದ್ದಾರಿಗೆ ಹತ್ತಿಕೊಂಡಿರುವ ಊರು. ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ, ಖಾನಾಪುರದ ಕಾಡಿನ ಕಡೆಯಿಂದ ಥಂಡಿ ಗಾಳಿ ಬೀಸುತ್ತದೆ. ಹಸುಗೂಸಿರುವ ಮನೆಗಳಲ್ಲಿ ಉಲನ್ ಕುಲಾಯಿ, ಸ್ವೆಟರ್, ಕಾಲುಚೀಲ ಬೇಕೇ ಬೇಕು. ನಮ್ಮ ಗಲ್ಲಿಯ ಕೆಲವು ಹೆಂಗಸರು ಗುರುವಾರ ಝುಹರ್ ನಮಾಝಿನ ನಂತರ ಒಬ್ಬ ಹಿರಿಯ ಖಾಲಾರ ಪಡಸಾಲೆಯಲ್ಲಿ ಸೇರಿ ಹೆಣೆಯುತ್ತಿದ್ದರು. ಬೆಳಗಾವಿಯ ಖಡೇಬಝಾರಿನಿಂದ ಉಲನ್ ತರಿಸಿ ಎಲ್ಲರಿಗೂ ಹಂಚುತ್ತಿದ್ದವರು ಅವರೇ. ಸಲಾಯಿ ಹಿಡಿಯುವುದು ಹೇಗೆ, ಕುಣಿಕೆ ಎಣಿಸುವುದು ಹೇಗೆಂದು ನನಗೂ ಅವರೇ ಕಲಿಸಿದರು.

2021ರ ಮೇ ತಿಂಗಳು. ಕೋವಿಡ್‌ನ ಎರಡನೆಯ ಅಲೆ. ಲಾಕ್‌ಡೌನ್‌ನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಈದುಲ್ ಫಿತ್ರ್ ಕಳೆದು ಕೆಲವೇ ದಿನಗಳಲ್ಲಿ ಖಾಲಾ ತೀರಿಕೊಂಡರು. ಜನಾಝಕ್ಕೆ ಬೆರಳೆಣಿಕೆಯ ಜನ. ನಾವು ಹೆಂಗಸರು ಅವರ ಮುಖವನ್ನೂ ನೋಡಲಾಗಲಿಲ್ಲ. ಎಂಟನೆಯ ದಿನ ಅವರ ಕಿರಿಯ ಮಗಳು ಫೋನ್ ಮಾಡಿದಳು. “ಆಪಾ, ಅಮ್ಮಿ ಮೂರು ಸ್ವೆಟರ್‌ಗಳಿಗೆ ಮುಂಗಡ ತಗೊಂಡಿದ್ದರು. ಒಂದು ಅರ್ಧ ಆಗಿದೆ. ಅಬ್ಬಾರ ಟೆಂಪೋ ನಿಂತುಹೋಗಿದೆ. ನಾನು ಹೆಣೆಯಲು ಕೂತರೆ, ನಲ್ವತ್ತು ದಿನ ಮುಗಿಯುವವರೆಗೆ ಸಲಾಯಿ ಮುಟ್ಟಬಾರದು, ಜನ ಏನಂದಾರು ಎಂದು ಮನೆಯ ಹಿರಿಯರು ಬೈದರು. ನಾನು ಏನು ಮಾಡಲಿ?” ಎಂದು ಕೇಳಿ ಬಿಕ್ಕಿಬಿಕ್ಕಿ ಅಳತೊಡಗಿದಳು.

ನಾನು ಆಗ ಒಂದು ತಪ್ಪು ಮಾಡಿದೆ. ಪ್ರಶ್ನೆಗೆ ಉತ್ತರ ಹೇಳುವ ಮೊದಲು, “ಅಳಬೇಡ, ಸಬ್ರ್ ಮಾಡು” ಎಂದುಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪ್ರವಾದಿ(ಸ) ಅಳಲಿಲ್ಲವೇ ಆಪಾ? ನೀವೇ ಪಾಠದಲ್ಲಿ ಹೇಳಿದ್ದಿರಲ್ಲ?” ಎಂದಳು. ನನ್ನ ಬಾಯಿ ಕಟ್ಟಿಹೋಯಿತು.

ಕಣ್ಣೀರು ಸಹನೆಗೆ ವಿರುದ್ಧವಲ್ಲ

ಹುಡುಗಿ ಹೇಳಿದ್ದು ಸತ್ಯ. ಹಿಜರಿ 10ರಲ್ಲಿ ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನೀರು ಹರಿಯಿತು. ಅದನ್ನು ಕಂಡು ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಆಶ್ಚರ್ಯಪಟ್ಟರು. ಇದು ಕರುಣೆಯೆಂದು ಪ್ರವಾದಿ(ಸ) ತಿಳಿಸಿದರು. ಕಣ್ಣು ಅಳುತ್ತದೆ, ಹೃದಯ ನೋಯುತ್ತದೆ, ಆದರೆ ನಾಲಿಗೆಯಿಂದ ಪ್ರಭುವಿಗೆ ಮೆಚ್ಚಿಗೆಯಾಗದ ಮಾತು ಹೊರಡಬಾರದು ಎಂಬುದೇ ಅವರು ಕಲಿಸಿದ ಪಾಠ. ಎದೆ ಬಡಿದುಕೊಂಡು, ಬಟ್ಟೆ ಹರಿದುಕೊಂಡು, ಅಲ್ಲಾಹನ ವಿಧಿಯನ್ನು ದೂರುತ್ತ ಗೋಳಾಡುವುದನ್ನು ಇಸ್ಲಾಮ್ ತಡೆದಿದೆ. ಕಣ್ಣೀರನ್ನು ಅದು ತಡೆದಿಲ್ಲ. ಶೋಕದ ಮನೆಗೆ ಹೋದ ನಾವು ‘ಸಬ್ರ್’ ಎಂಬ ಪವಿತ್ರ ಪದವನ್ನು ಬಾಯಿ ಮುಚ್ಚಿಸುವ ಬಟ್ಟೆಯಂತೆ ಬಳಸಬಾರದು. ನಾನು ಆ ದಿನ ಹಾಗೆಯೇ ಬಳಸಿದೆ. ಅಲ್ಲಾಹನು ಕ್ಷಮಿಸಲಿ.

ಶೋಕಕ್ಕೊಂದು ಮಿತಿ

ಇನ್ನು ಅವಳ ಪ್ರಶ್ನೆಗೆ ಬರೋಣ. ನಲ್ವತ್ತು ದಿನ ಕೈಕೆಲಸ ಮುಟ್ಟಬಾರದೆಂಬ ನಿಯಮ ಶರೀಅತ್‌ನಲ್ಲಿ ಇದೆಯೇ? ಇಲ್ಲ. ಮೃತರಿಗಾಗಿ ಶೋಕಾಚರಣೆಯ ಅವಧಿ ಮೂರು ದಿನ ಮಾತ್ರ. ಪತಿಯನ್ನು ಕಳೆದುಕೊಂಡ ಪತ್ನಿಗೆ ಮಾತ್ರ ನಾಲ್ಕು ತಿಂಗಳು ಹತ್ತು ದಿನ. ಆಕೆ ಗರ್ಭಿಣಿಯಾಗಿದ್ದರೆ ಹೆರಿಗೆಯವರೆಗೆ.

ಪ್ರವಾದಿವರ್ಯರ(ಸ) ಪತ್ನಿ ಹಝ್ರತ್ ಉಮ್ಮು ಹಬೀಬಾ(ರ) ಅವರ ತಂದೆ ಅಬೂ ಸುಫ್ಯಾನ್(ರ) ತೀರಿಕೊಂಡ ಸುದ್ದಿ ಬಂತು. ಮೂರನೆಯ ದಿನ ಅವರು ಸುಗಂಧ ತರಿಸಿ ಕೆನ್ನೆಗೂ ತೋಳುಗಳಿಗೂ ಹಚ್ಚಿಕೊಂಡರು. ತನಗೆ ಇದರ ಅಗತ್ಯವೇನೂ ಇರಲಿಲ್ಲ, ಆದರೆ ಪತಿಯ ಹೊರತು ಬೇರೆ ಯಾರಿಗಾಗಿಯೂ ಮೂರು ದಿನಕ್ಕಿಂತ ಹೆಚ್ಚು ಶೋಕಾಚರಣೆ ಸಲ್ಲದೆಂದು ಪ್ರವಾದಿ(ಸ) ಹೇಳಿದ್ದನ್ನು ಕೇಳಿದ್ದೇನೆ ಎಂದರು. ಇದನ್ನು ಗಮನವಿಟ್ಟು ನೋಡಿ. ಅವರ ಮನಸ್ಸಿಗೆ ಸುಗಂಧ ಬೇಕಿರಲಿಲ್ಲ. ತಂದೆಯ ನೆನಪೂ ಮೂರೇ ದಿನಕ್ಕೆ ಮುಗಿದಿರಲಿಲ್ಲ. ಆದರೂ ಅವರು ಬದುಕಿನ ಕಡೆಗೆ ಒಂದು ಹೆಜ್ಜೆ ಇಟ್ಟರು. ದುಃಖ ಹೃದಯದಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ಬದುಕನ್ನು ನಿಲ್ಲಿಸಿ ಕೂರುವ ಆಚರಣೆಗೆ ಮಾತ್ರ ಮಿತಿಯಿದೆ.

ಇದ್ದತ್‌ನಲ್ಲಿರುವ ಸಹೋದರಿಯರ ಬಗ್ಗೆಯೂ ಒಂದು ಮಾತು. ಅವರಿಗೆ ಅಲಂಕಾರ, ಸುಗಂಧಗಳು ಸಲ್ಲವು. ಅನಗತ್ಯವಾಗಿ ಮನೆ ಬಿಟ್ಟು ಹೋಗಬಾರದು. ಆದರೆ ಮನೆಯಲ್ಲಿ ಕುಳಿತು ಹೆಣೆಯುವುದಕ್ಕೆ, ಹೊಲಿಯುವುದಕ್ಕೆ, ದುಡಿಯುವುದಕ್ಕೆ ಅಡ್ಡಿಯಿಲ್ಲ. ಗಂಡನ ಸಂಪಾದನೆ ನಿಂತುಹೋದ ಮನೆಯಲ್ಲಿ ವಿಧವೆಯ ಕೈಯಿಂದ ಸಲಾಯಿಯನ್ನೂ ಕಿತ್ತುಕೊಂಡರೆ ಮಕ್ಕಳ ಊಟಕ್ಕೆ ಯಾರು ಹೊಣೆ? ‘ಜನ ಏನಂದಾರು’ ಎನ್ನುವವರು ಮೊದಲು ಇದಕ್ಕೆ ಉತ್ತರಿಸಬೇಕು.

ಜಅ್‌ಫರ್‌ರ(ರ) ಮನೆಯಿಂದ ಪಾಠ

ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 629ರಲ್ಲಿ ಮುಅ್‌ತಾ ಯುದ್ಧದಲ್ಲಿ ಹಝ್ರತ್ ಜಅ್‌ಫರ್(ರ) ಹುತಾತ್ಮರಾದರು. ಆ ಬೆಳಿಗ್ಗೆ ಅವರ ಪತ್ನಿ ಹಝ್ರತ್ ಅಸ್ಮಾ ಬಿಂತ್ ಉಮೈಸ್(ರ) ಚರ್ಮ ಹದಮಾಡಿ, ಹಿಟ್ಟು ನಾದಿ, ಮಕ್ಕಳಿಗೆ ಸ್ನಾನ ಮಾಡಿಸಿ ಎಣ್ಣೆ ಹಚ್ಚಿದ್ದರು. ಕೆಲಸದ ಕೈ ಇನ್ನೂ ಆರಿರಲಿಲ್ಲ. ಅಷ್ಟರಲ್ಲಿ ಪ್ರವಾದಿ(ಸ) ಬಂದರು, ಮಕ್ಕಳನ್ನು ಹತ್ತಿರ ಕರೆದರು, ಅವರ ಕಣ್ಣು ತುಂಬಿಬಂತು. ಅಸ್ಮಾರಿಗೆ(ರ) ವಿಷಯ ತಿಳಿಯಿತು.

ಅನಂತರ ಪ್ರವಾದಿ(ಸ) ಮಾಡಿದ್ದೇನು? ಜಅ್‌ಫರ್‌ರ ಮನೆಯವರು ದುಃಖದಲ್ಲಿ ಮುಳುಗಿದ್ದಾರೆ, ಅವರಿಗಾಗಿ ಅಡುಗೆ ಮಾಡಿರೆಂದು ತಮ್ಮ ಮನೆಯವರಿಗೆ ಹೇಳಿದರು. ಆ ಮನೆಗೆ ಮೂರು ದಿನಗಳ ಅವಕಾಶ ಕೊಟ್ಟರು. ಮೂರು ದಿನ ಕಳೆದ ಮೇಲೆ ತಾವೇ ಬಂದು, ಇನ್ನು ಅಳಬೇಡಿರೆಂದು ಹೇಳಿ, ಮಕ್ಕಳನ್ನು ಕರೆಸಿ, ಕ್ಷೌರಿಕನನ್ನು ಕರೆಸಿ ಅವರ ತಲೆಗೂದಲು ತೆಗೆಸಿದರು.

ಇದರಲ್ಲಿ ಮೂರು ಪಾಠಗಳಿವೆ. ಮೊದಲನೆಯದು, ಅಳುವವರ ಜೊತೆ ಅಳುವುದು. ಎರಡನೆಯದು, ಶೋಕದ ಮನೆಯ ಒಲೆಯ ಭಾರವನ್ನು ನೆರೆಹೊರೆಯವರು ಹೊರುವುದು. ನಮ್ಮಲ್ಲಿ ಇದು ಎಷ್ಟೋ ಸಲ ತಲೆಕೆಳಗಾಗಿದೆ! ಸತ್ತವರ ಮನೆಯವರೇ ಸಾಲ ಮಾಡಿ ಬಂದವರಿಗೆಲ್ಲ ಉಣಬಡಿಸುತ್ತಾರೆ. ಮೂರನೆಯದು, ಸಮಯ ಬಂದಾಗ ಕೈಹಿಡಿದು ಅವರನ್ನು ನಿತ್ಯದ ಬದುಕಿಗೆ ಮರಳಿಸುವುದು. ಮೊದಲ ಎರಡನ್ನು ಮಾಡದವರಿಗೆ ಮೂರನೆಯದನ್ನು ಹೇಳುವ ಅಧಿಕಾರ ಎಲ್ಲಿಂದ ಬಂತು?

ಆ ಲಾಕ್‌ಡೌನ್ ದಿನಗಳಲ್ಲಿ ಖಾಲಾರ ಮನೆಯೊಳಗೆ ಹೋಗುವಂತಿರಲಿಲ್ಲ. ಗಲ್ಲಿಯ ಹೆಂಗಸರು ಸರದಿಯಂತೆ ರೊಟ್ಟಿ, ಪಲ್ಯ, ಬೇಳೆಯ ಡಬ್ಬಿಗಳನ್ನು ಬಾಗಿಲ ಮುಂದಿನ ಕಟ್ಟೆಯ ಮೇಲಿಟ್ಟು ದೂರ ನಿಂತು ಕರೆಯುತ್ತಿದ್ದರು. ಡಬ್ಬಿ ಒಳಗೆ ಹೋದ ಮೇಲೆ ಮರಳುತ್ತಿದ್ದರು. ನನ್ನ ಉಪದೇಶಕ್ಕಿಂತ ಆ ಡಬ್ಬಿಗಳು ಆ ಮಕ್ಕಳಿಗೆ ಹೆಚ್ಚು ಧೈರ್ಯ ಕೊಟ್ಟವು.

ಅರ್ಧ ಉಳಿದ ಸ್ವೆಟರ್ ಯಾರದು?

ಹುಡುಗಿಯ ಮಾತಿನಲ್ಲಿ ಇನ್ನೂ ದೊಡ್ಡ ವಿಷಯವೊಂದಿತ್ತು. ಅದನ್ನು ಅನೇಕರು ಗಮನಿಸುವುದಿಲ್ಲ. ಮುಂಗಡವಾಗಿ ಪಡೆದ ಹಣಕ್ಕೆ ಕೆಲಸ ಮಾಡಿಕೊಡದೆ ತೀರಿಕೊಂಡರೆ ಆ ಹಣ ಮೃತರ ಮೇಲೆ ಸಾಲವಾಗಿ ಉಳಿಯುತ್ತದೆ. ವಾರಸುದಾರರಿಗೆ ಆಸ್ತಿ ಹಂಚುವ ಮುನ್ನ ಸಾಲ ತೀರಿಸಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶ. ಸಾಲ ಉಳಿಸಿ ತೀರಿಕೊಂಡ ಒಬ್ಬರ ಜನಾಝ ಬಂದಾಗ ಪ್ರವಾದಿ(ಸ) ನಮಾಝ್ ಮಾಡಿಸಲು ಹಿಂಜರಿದರು. ಹಝ್ರತ್ ಅಬೂ ಕತಾದಾ(ರ) ಆ ಸಾಲದ ಹೊಣೆ ಹೊತ್ತ ಮೇಲೆಯೇ ನಮಾಝ್ ನಡೆಯಿತು. ಹೀಗಿರುವಾಗ ಆ ಮೂರು ಸ್ವೆಟರ್‌ಗಳ ವಿಷಯವನ್ನು ನಲ್ವತ್ತು ದಿನ ಮುಂದಕ್ಕೆ ಹಾಕುವುದು ಮೃತರಿಗೆ ಗೌರವವೇ? ಖಂಡಿತ ಅಲ್ಲ. ಹಣ ಕೊಟ್ಟವರನ್ನು ಬೇಗನೆ ಕೇಳಬೇಕು. ಬೇರೆಯವರು ಹೆಣೆದುಕೊಡುವುದಕ್ಕೆ ಅವರು ಒಪ್ಪಿದರೆ ಹೆಣೆದುಕೊಡಬೇಕು. ಇಲ್ಲವಾದರೆ ಹಣ ಮರಳಿಸಬೇಕು.

ಮಗಳು ಮೂವರಿಗೂ ಫೋನ್ ಮಾಡಿದಳು. ಇಬ್ಬರು ಒಪ್ಪಿದರು. ಒಬ್ಬರು ಹಣ ಮರಳಿ ಕೇಳಿದರು; ಖಾಲಾರ ಡಬ್ಬದಲ್ಲಿದ್ದ ಹಣದಿಂದಲೇ ಅದನ್ನು ಕೊಡಲಾಯಿತು. ಒಪ್ಪಿದವರ ಎರಡು ಸ್ವೆಟರ್‌ಗಳನ್ನು ಮಗಳೂ ನಮ್ಮ ಗುರುವಾರದ ಇಬ್ಬರು ಹೆಂಗಸರೂ ಸೇರಿ ಮುಗಿಸಿದರು.

ಇದಲ್ಲದೆ ಒಂಬತ್ತು ಉಂಡೆ ಉಲನ್ ಉಳಿದಿತ್ತು. ಅದರಿಂದ ಬಡ ಮಕ್ಕಳಿಗೆ ಕುಲಾಯಿ ಹೆಣೆದು ಖಾಲಾರ ಹೆಸರಿನಲ್ಲಿ ದಾನ ಮಾಡೋಣವೆಂದು ಎಲ್ಲರೂ ಉತ್ಸಾಹದಿಂದ ಹೇಳಿದರು. ಸದುದ್ದೇಶವೇ. ಆದರೆ ಅಲ್ಲಿಯೂ ಎಚ್ಚರ ಬೇಕು. ಮೃತರ ಒಂದು ಎಳೆ ನೂಲೂ ವಾರಸುದಾರರ ಸೊತ್ತು. ಪ್ರಾಯಕ್ಕೆ ಬಂದ ವಾರಸುದಾರರು ಮನಃಪೂರ್ವಕ ತಮ್ಮ ಪಾಲು ಬಿಟ್ಟುಕೊಡಬಹುದು. ಅಪ್ರಾಪ್ತ ಮಗುವಿನ ಪಾಲನ್ನು ದಾನ ಮಾಡುವ ಹಕ್ಕು ಯಾರಿಗೂ ಇಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂದು ಅಲ್ಲಾಹನು ಎಚ್ಚರಿಸಿರುವನು. ಖಾಲಾರ ಕಿರಿಯ ಮಗನಿಗೆ ಆಗ ಹನ್ನೊಂದು ವರ್ಷ. ಆದ್ದರಿಂದ ನಾವು ಉಲನ್‌ಗೆ ಪೇಟೆಯ ಬೆಲೆ ಕಟ್ಟಿ, ನಮ್ಮೊಳಗೆ ಹಣ ಕೂಡಿಸಿ, ಅದನ್ನು ಕೊಂಡುಕೊಂಡೆವು. ಹುಡುಗನ ಪಾಲು ಅವನಿಗಾಗಿ ತೆಗೆದಿಡಲ್ಪಟ್ಟಿತು.

ಹೆಣೆಯುವ ಕೈ, ಕೊಡುವ ಕೈ

ತಾಯಿಯ ಪರವಾಗಿ ದಾನ ಮಾಡಿದರೆ ಅದು ಆಕೆಗೆ ಪ್ರಯೋಜನವಾಗುವುದೇ ಎಂದು ಹಝ್ರತ್ ಸಅ್‌ದ್ ಬಿನ್ ಉಬಾದಾ(ರ) ಕೇಳಿದಾಗ, ಹೌದೆಂದು ಪ್ರವಾದಿ(ಸ) ಉತ್ತರಿಸಿದರು. ಸಅ್‌ದ್(ರ) ತಮ್ಮ ತೋಟವನ್ನೇ ದಾನ ಮಾಡಿದರು. ನಮಗೆ ತೋಟವಿಲ್ಲದಿರಬಹುದು, ಕೈಗಳಿವೆಯಲ್ಲ?

ಹಝ್ರತ್ ಝೈನಬ್ ಬಿಂತ್ ಜಹ್ಶ್(ರ) ಅವರನ್ನು ನೆನಪಿಸಿಕೊಳ್ಳಿ. ತನ್ನ ಸಹೋದರ ತೀರಿಕೊಂಡಾಗ ಅವರೂ ಉಮ್ಮು ಹಬೀಬಾರಂತೆ(ರ) ಸುಗಂಧ ತರಿಸಿ ಹಚ್ಚಿಕೊಂಡು ಶೋಕಾಚರಣೆಯ ಮಿತಿಯನ್ನು ಪಾಲಿಸಿದವರು. ಅವರು ಕೈಕೆಲಸದಲ್ಲಿ ನಿಪುಣೆ. ಚರ್ಮ ಹದಮಾಡಿ, ಹೊಲಿದು, ಬಂದುದನ್ನು ಬಡವರಿಗೆ ಹಂಚುತ್ತಿದ್ದರು. ತಮ್ಮ ಪತ್ನಿಯರಲ್ಲಿ ಉದ್ದ ಕೈಯುಳ್ಳವರು ಎಲ್ಲರಿಗಿಂತ ಮೊದಲು ತನ್ನನ್ನು ಸೇರುವರೆಂದು ಪ್ರವಾದಿ(ಸ) ಹೇಳಿದ್ದರು. ಝೈನಬ್(ರ) ಮೊದಲು ತೀರಿಕೊಂಡಾಗ, ಉದ್ದ ಕೈ ಎಂದರೆ ದುಡಿದು ದಾನ ಮಾಡುವ ಕೈ ಎಂದು ಉಳಿದವರಿಗೆ ಅರ್ಥವಾಯಿತು.

ನಷ್ಟದ ನಡುವೆಯೂ ಹೊಣೆ ಬಿಡದಿರುವುದು ನಮ್ಮ ಊರಿಗೂ ಹೊಸದಲ್ಲ. ಕಿತ್ತೂರು ರಾಣಿ ಚೆನ್ನಮ್ಮ ಹುಟ್ಟಿದ್ದು ಇದೇ ಕಾಕತಿಯಲ್ಲಿ, 1778ರಲ್ಲಿ. 1816ರಲ್ಲಿ ಪತಿ ಮಲ್ಲಸರ್ಜ ದೇಸಾಯಿಯನ್ನೂ 1824ರಲ್ಲಿ ಸಂಸ್ಥಾನದ ವಾರಸುದಾರ ಶಿವಲಿಂಗರುದ್ರಸರ್ಜನನ್ನೂ ಕಳೆದುಕೊಂಡ ಆಕೆ, ಅದೇ 1824ರ ಅಕ್ಟೋಬರಿನಲ್ಲಿ ಕಂಪೆನಿ ಸರಕಾರದ ಎದುರು ನಿಂತರು. ನಮ್ಮ ಮಕ್ಕಳು ಇದನ್ನು ಶಾಲೆಯಲ್ಲಿ ಕಲಿಯುತ್ತಾರೆ. ನಮ್ಮ ಹೊಣೆಗಳು ಸಣ್ಣವು. ಆದರೆ ಅವೂ ನಮ್ಮ ಕೈಯಲ್ಲಿಯೇ ಮುಗಿಯಬೇಕಾದವು.

ಆ ಮಳೆಗಾಲದಲ್ಲಿ ಲಾಕ್‌ಡೌನ್ ಸಡಿಲವಾದ ಮೇಲೆ ನಾವು ಮತ್ತೆ ಗುರುವಾರ ಸೇರಿದೆವು. ಖಾಲಾ ಕೂರುತ್ತಿದ್ದ ಜಾಗ ಖಾಲಿ. ಯಾರಿಗೂ ಎಣಿಕೆ ಸರಿಹೋಗಲಿಲ್ಲ. ಒಬ್ಬರು ಎರಡು ಸಲ ಬಿಚ್ಚಿ ಮತ್ತೆ ಹಾಕಿದರು. ಕೊನೆಗೆ ಎಲ್ಲರೂ ಅತ್ತರು. ಈ ಸಲ ನಾನು ಯಾರಿಗೂ ‘ಅಳಬೇಡಿ’ ಎನ್ನಲಿಲ್ಲ. ಅತ್ತು ಮುಗಿದ ಮೇಲೆ ಅಸರ್ ನಮಾಝ್ ಮಾಡಿದೆವು, ಖಾಲಾರಿಗಾಗಿ ಪ್ರಾರ್ಥಿಸಿದೆವು, ಮತ್ತೆ ಸಲಾಯಿ ಹಿಡಿದೆವು. ಅವರ ಮಗಳು ನಾಲ್ಕು ವರ್ಷದ ಒಂದು ಹುಡುಗಿಯ ಕೈಗೆ ಉಲನ್ ಉಂಡೆ ಕೊಟ್ಟು, ಸುತ್ತುವುದು ಹೇಗೆಂದು ತೋರಿಸುತ್ತಿದ್ದಳು.

ಪ್ರಿಯ ಓದುಗರೇ, ನಿಮ್ಮ ಗಲ್ಲಿಯಲ್ಲಿ ಸಾವು ಸಂಭವಿಸಿದಾಗ ಈ ಮಾತುಗಳನ್ನು ನೆನಪಿಡಿ. ಅಳುವವರನ್ನು ಅಳಲು ಬಿಡಿ. ಅವರ ಮನೆಗೆ ಊಟ ಕಳಿಸಿ. ಮೃತರ ಸಾಲ, ಮುಂಗಡ, ಅಮಾನತ್ತುಗಳನ್ನು ವಿಚಾರಿಸಿ ತೀರಿಸಲು ನೆರವಾಗಿ. ಅನಾಥರ ಪಾಲನ್ನು ಕಾಪಾಡಿ. ಮೂರು ದಿನ ಕಳೆದ ಮೇಲೆ ಯಾರಾದರೂ ತಮ್ಮ ಕೆಲಸಕ್ಕೆ ಕೈಹಾಕಿದರೆ ಅವರತ್ತ ಬೆರಳು ತೋರಿಸಬೇಡಿ. ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ನೀವೂ ಒಂದು ಸಾಲು ಹೆಣೆಯಿರಿ. ಲೋಕಾಂತ್ಯವೇ ಬಂದೆರಗಿದರೂ ಕೈಯಲ್ಲಿರುವ ಸಸಿಯನ್ನು ನೆಡಲು ಸಾಧ್ಯವಾದರೆ ನೆಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳು ನಾವು.

ಅಲ್ಲಾಹನು ನಮ್ಮನ್ನು ಅಗಲಿದವರೆಲ್ಲರ ಪಾಪಗಳನ್ನು ಕ್ಷಮಿಸಲಿ, ಅವರ ಗೋರಿಗಳನ್ನು ಬೆಳಗಿಸಲಿ, ಉಳಿದವರ ಹೃದಯಗಳಿಗೆ ಸಹನೆಯನ್ನೂ ಕೈಗಳಿಗೆ ಬರಕತನ್ನೂ ದಯಪಾಲಿಸಲಿ. ಆಮೀನ್.