ನಡುಗಡಲಲ್ಲಿ ಭೇದಭಾವ: ದೂರು ಕೊಡುವುದು ಎಲ್ಲಿ, ಹೇಗೆ?

ಧ್ವಜ ಪನಾಮಾದ್ದು, ಮಾಲೀಕರು ಗ್ರೀಸಿನವರು, ಕ್ಯಾಪ್ಟನ್ ಉಕ್ರೇನಿನವರು, ಡೆಕ್ಕಿನ ಮೇಲೆ ಫಿಲಿಪೀನ್ಸಿನವರ ಜೊತೆ ಮಂಗಳೂರು, ಕಾರವಾರದ ಹುಡುಗರು. ಸರಕು ಹಡಗುಗಳಲ್ಲಿ ಇಂಥ ಬೆರಕೆ ಸಾಮಾನ್ಯ. ಅಲ್ಲಿ ಬಣ್ಣ, ದೇಶ, ಧರ್ಮ, ಹೆಣ್ಣುತನವನ್ನು ಹಿಡಿದು ಹೀಯಾಳಿಸಿದರೆ, ‘ಯಾರಿಗೆ ಹೇಳುವುದು, ಕಾಂಟ್ರಾಕ್ಟ್ ಮುಗಿದರೆ ಸಾಕು’ ಎಂದು ನುಂಗಿಕೊಳ್ಳುವವರು ಬಹಳ. ನುಂಗಿಕೊಳ್ಳಬೇಕಿಲ್ಲ.

ಹಡಗು ಕಾರ್ಮಿಕರ ಹಕ್ಕುಗಳ ಮೂಲ 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ. ಭಾರತ ಇದನ್ನು 2015ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿತು. ಬಹಳಷ್ಟು ಸರಕು ಹಡಗುಗಳು ಯಾವ ದೇಶಗಳ ಧ್ವಜ ಹಾರಿಸುತ್ತವೋ ಆ ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳೂ ಅಂಗೀಕರಿಸಿವೆ. ಉದ್ಯೋಗದಲ್ಲಿ ತಾರತಮ್ಯ ಸಲ್ಲದು ಎಂಬುದು ಅದರ ಮೂಲಭೂತ ಹಕ್ಕುಗಳಲ್ಲಿ ಒಂದು. ಊಟ ಪುಕ್ಕಟೆ ಕೊಡಬೇಕು, ಕೊಡುವಾಗ ಸಿಬ್ಬಂದಿಯ ಧರ್ಮ ಮತ್ತು ಆಹಾರ ಪದ್ಧತಿಯನ್ನು ಗಮನಿಸಬೇಕು ಎಂಬುದೂ ಕಡ್ಡಾಯ ನಿಯಮ. ಸಸ್ಯಾಹಾರ ಕೇಳಿದವರನ್ನೋ ಹಂದಿಮಾಂಸ ಬೇಡವೆಂದವರನ್ನೋ ಮೆಸ್‌ನಲ್ಲಿ ಗೇಲಿ ಮಾಡಿ ಹಸಿದಿರಿಸುವುದು ತಮಾಷೆಯಲ್ಲ, ಉಲ್ಲಂಘನೆ. ಸಂಬಳದ ವಿಷಯದಲ್ಲಿ ಮಾತ್ರ ಒಪ್ಪಂದ ಬಿಗಿಯಾಗಿಲ್ಲ. ಒಂದೇ ಹಡಗಿನಲ್ಲಿ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನವಿರಲಿ ಎಂದು ಅದು ಹೇಳುತ್ತದೆ, ಆದರೆ ಕಡ್ಡಾಯವಲ್ಲದ ಮಾರ್ಗಸೂಚಿಯಾಗಿ. ಪಾಸ್‌ಪೋರ್ಟ್ ನೋಡಿ ಸಂಬಳ ಕಟ್ಟುವ ಅನ್ಯಾಯಕ್ಕೆ ಇದೇ ಸಂದು, ಇದು ಮುಚ್ಚಲೇಬೇಕಾದದ್ದು.

ದೂರಿನ ದಾರಿ ನಿಮ್ಮ ಕೈಯಲ್ಲೇ ಇರಬೇಕು. ನೌಕರಿ ಕರಾರಿನ ಜೊತೆ ಹಡಗಿನ ದೂರು ವಿಧಾನದ ಪ್ರತಿಯನ್ನೂ ಪ್ರತಿಯೊಬ್ಬರಿಗೂ ಕೊಡಬೇಕು. ಧ್ವಜ ದೇಶದ (ಹಡಗು ನೋಂದಣಿಯಾದ ದೇಶದ) ಮತ್ತು ನಿಮ್ಮ ದೇಶದ ಅಧಿಕಾರಿಗಳ ಸಂಪರ್ಕ, ಗುಟ್ಟಾಗಿ ಸಲಹೆ ಕೊಡಬಲ್ಲ ಹಡಗಿನವರ ಹೆಸರು ಅದರಲ್ಲಿರಬೇಕು. ಕೊಡದಿದ್ದರೆ ಕೇಳಿ ಪಡೆಯಿರಿ. ಮೇಲಧಿಕಾರಿಯೇ ಕಾಟ ಕೊಡುತ್ತಿದ್ದರೆ ನೇರ ಕ್ಯಾಪ್ಟನ್‌ಗೆ ಹೇಳಬಹುದು. ಕ್ಯಾಪ್ಟನ್ ಮೇಲೇ ದೂರಿದ್ದರೆ ಹೊರಗಿನ ಅಧಿಕಾರಿಗೆ, ನಮಗಾದರೆ ಮುಂಬೈಯ ನೌಕಾಯಾನ ಮಹಾ ನಿರ್ದೇಶನಾಲಯಕ್ಕೆ, ಬರೆಯಬಹುದು. ವಿಚಾರಣೆಗೆ ಜೊತೆಗೊಬ್ಬರನ್ನು ಕರೆದೊಯ್ಯುವ ಹಕ್ಕಿದೆ. ದೂರು ಕೊಟ್ಟದ್ದಕ್ಕೆ ಸೇಡು ತೀರಿಸುವುದು ನಿಷಿದ್ಧ. ಹಡಗು ಬಂದರು ಸೇರಿದಾಗ ಅಲ್ಲಿನ ತಪಾಸಣಾ ಅಧಿಕಾರಿಗೂ ದೂರು ಕೊಡಬಹುದು. ಕೊಟ್ಟವರ ಹೆಸರನ್ನು ಅವರು ಗುಟ್ಟಾಗಿಡಬೇಕು. ಒಪ್ಪಂದದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಬಂದರಿನಲ್ಲೂ ದೂರು ಕೊಡಬಹುದೆಂಬ ಈ ನಿಯಮವೇ. ಧ್ವಜ ದೇಶ ಕಣ್ಣು ಮುಚ್ಚಿ ಕುಳಿತರೂ ಬಂದರಿನ ದೇಶ ಹಡಗಿಗೆ ಕಾಲಿಟ್ಟು ನೋಡಬಹುದು.

ಮಹಿಳಾ ಸಿಬ್ಬಂದಿಗೆ ಭಾರತದ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯೂ ಇದೆ. ಕೆಲಸದ ನಿಮಿತ್ತ ಹೋಗುವ ಜಾಗವೂ ಅದರ ಪ್ರಕಾರ ಕೆಲಸದ ಸ್ಥಳವೇ. ಕಂಪನಿಯ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಕೊಡಲಾಗದ ಪರಿಸ್ಥಿತಿಯಿತ್ತೆಂದು ಮನವರಿಕೆಯಾದರೆ ಸಮಿತಿ ಇನ್ನೂ 3 ತಿಂಗಳವರೆಗೆ ಅವಕಾಶ ಕೊಡಬಹುದು. ಸೈನ್ ಆಫ್ ಆಗಲಿ, ಅಂದರೆ ಕರಾರು ಮುಗಿದು ಹಡಗಿನಿಂದ ಇಳಿಯುವಂತಾಗಲಿ ಎಂದು ಕಾಯುತ್ತ ಕೂತರೆ ಈ ಗಡುವೇ ದಾಟಿಹೋಗುತ್ತದೆ. ಹಡಗಿನಿಂದಲೇ ಇಮೇಲ್ ಮಾಡಿ. ಹಲ್ಲೆ, ಅತ್ಯಾಚಾರದಂಥ ಅಪರಾಧವಾದರೆ ಭಾರತೀಯ ನ್ಯಾಯ ಸಂಹಿತೆ ಭಾರತದಲ್ಲಿ ನೋಂದಾಯಿತ ಹಡಗಿನೊಳಗೂ, ಅಪರಾಧಿ ಭಾರತೀಯನಾಗಿದ್ದರೆ ಯಾವ ಧ್ವಜದ ಹಡಗಿನಲ್ಲೂ ಅನ್ವಯಿಸುತ್ತದೆ. ದೇಶದ ಹೊರಗೆ ನಡೆದ ಅಪರಾಧದ ವಿಚಾರಣೆಗೆ ಕೇಂದ್ರ ಸರ್ಕಾರದ ಅನುಮತಿ ಬೇಕು.

ದೂರು ನಿಲ್ಲುವುದು ದಾಖಲೆಯ ಮೇಲೆ. ಏನಾಯಿತು, ಯಾವ ದಿನ, ಎಷ್ಟು ಹೊತ್ತಿಗೆ, ಆಡಿದ ಮಾತೇನು, ಯಾರಿದ್ದರು ಎಂಬುದನ್ನು ಅಂದೇ ಬರೆದಿಡಿ. ಮೆಸೇಜುಗಳನ್ನು ಅಳಿಸಬೇಡಿ, ಒಂದು ಪ್ರತಿ ಮನೆಗೆ ಕಳುಹಿಸಿ. ಊರಿಗೆ ಹೊರಡುವ ಅವಸರದಲ್ಲಿ ‘ಯಾವ ತಕರಾರೂ ಇಲ್ಲ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ.

ಮನೆಯವರಿಗೂ ಕೆಲಸವಿದೆ. ಮಗನೋ ಮಗಳೋ ಹಡಗು ಹತ್ತುವ ಮೊದಲೇ ಕರಾರಿನ ಪ್ರತಿ, ಏಜೆಂಟರ ಪರವಾನಗಿ ಸಂಖ್ಯೆ, ಹಡಗಿನ 7 ಅಂಕಿಯ ಐಎಂಒ ಸಂಖ್ಯೆಯನ್ನು ಬರೆದುಕೊಳ್ಳಿ. ಹಡಗಿನ ಹೆಸರು, ಧ್ವಜ ಬದಲಾದರೂ ಈ ಸಂಖ್ಯೆ ಬದಲಾಗದು. ದೂರಿನ ಮೊದಲ ಸಾಲಿನಲ್ಲಿ ಇದನ್ನೇ ಬರೆಯಿರಿ.