ಮಂಡಿನೋವಿಗೆ ಅರಿಶಿನದ ಮಾತ್ರೆ ಕೊಳ್ಳುವ ಮುನ್ನ

ಅಡುಗೆಮನೆಯ ಅರಿಶಿನವೂ ಔಷಧಿ ಅಂಗಡಿಯ ಅರಿಶಿನ ಸಾರವೂ ಒಂದೇ ಎಂದು ನಂಬಿ ಮಾತ್ರೆ ಕೊಳ್ಳುವವರು ಬಹಳ. ಕೊಳ್ಳುವ ಮುನ್ನ ಮಾಡಬೇಕಾದ ಮೊದಲ ಕೆಲಸ ಒಂದು ಸಣ್ಣ ಲೆಕ್ಕ. ಒಣ ಅರಿಶಿನದಲ್ಲಿ ಹೆಚ್ಚಿನ ಪಾಲು ಪಿಷ್ಟ. ಉರಿಯೂತ ತಗ್ಗಿಸುವುದಕ್ಕೆ ಹೆಸರಾದ ಕರ್ಕ್ಯುಮಿನ್ ಮತ್ತು ಅದೇ ಗುಂಪಿನ ಇನ್ನೆರಡು ಹಳದಿ ಪದಾರ್ಥಗಳು (ಒಟ್ಟಾಗಿ ಇವೇ ಕರ್ಕ್ಯುಮಿನಾಯ್ಡ್‌ಗಳು) ಸೇರಿ ಸಾಮಾನ್ಯವಾಗಿ ಶೇ 2ರಿಂದ 5ರಷ್ಟು ಮಾತ್ರ. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ. ಶೇ 3ರಂತೆ ಹಿಡಿದರೂ ಅದರಲ್ಲಿ ಸಿಗುವುದು 90 ಮಿಲಿಗ್ರಾಂ. ಶೇ 95ರಷ್ಟು ಕರ್ಕ್ಯುಮಿನಾಯ್ಡ್ ಎಂದು ಬರೆದಿರುವ 500 ಮಿಲಿಗ್ರಾಂ ಮಾತ್ರೆಯಲ್ಲಿ 475 ಇರುತ್ತದೆ, ಅಂದರೆ ಐದು ಚಮಚಕ್ಕೂ ಮಿಗಿಲು. ಹಾಗಾಗಿ ಲೇಬಲ್ಲಿನಲ್ಲಿ ಸಾರದ ತೂಕ ಮಾತ್ರ ನೋಡಿದರೆ ಸಾಲದು, ಶೇಕಡಾವಾರು ಅಂಶವನ್ನೂ ಹುಡುಕಿ. ಅದನ್ನು ಬರೆದೇ ಇಲ್ಲದ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಕಷಾಯ ಕುಡಿದರಾಯಿತಲ್ಲ ಎನ್ನುವವರಿಗೆ ಒಂದು ಮಾತು: ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬಿನಲ್ಲಿ, ಆಲ್ಕೋಹಾಲಿನಲ್ಲಿ ಕರಗುತ್ತದೆ.

ಎರಡನೆಯದಾಗಿ, ಗುಣವಾಗುತ್ತದೆ ಎಂಬ ಮಾತಿಗೆ ಆಧಾರ ಯಾವುದು ಎಂದು ಕೇಳಿ. ಉರಿಯೂತಕ್ಕೆ ಚಾಲನೆ ಕೊಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೊಟೀನನ್ನೂ ಕಾಕ್ಸ್-2 ಕಿಣ್ವವನ್ನೂ ಕರ್ಕ್ಯುಮಿನ್ ತಡೆಯುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡಿದೆ. ಆದರೆ ಈ ಅಣು ಅಸ್ಥಿರ, ಎಷ್ಟೋ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಡುವಂಥದ್ದು ಎಂದು 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರೇ ಗಟ್ಟಿಯಾಗಿ ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ತೂಕವಿರುವುದು ಮನುಷ್ಯರ ಮೇಲಿನ ಪರೀಕ್ಷೆಗೆ. ಥಾಯ್ಲೆಂಡಿನಲ್ಲಿ ಮಂಡಿ ಸವೆತದ 367 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 1,500 ಮಿಲಿಗ್ರಾಂ ಅರಿಶಿನ ಸಾರ ನಾಲ್ಕು ವಾರದಲ್ಲಿ 1,200 ಮಿಲಿಗ್ರಾಂ ಐಬುಪ್ರೊಫೆನ್‌ನಷ್ಟೇ ನೋವು ತಗ್ಗಿಸಿತು, ಹೊಟ್ಟೆಯ ತೊಂದರೆಯೂ ಕಡಿಮೆಯಿತ್ತು. ಇಷ್ಟರಿಂದ ಹೇಳಬಹುದಾದದ್ದು ಮಂಡಿಗೆ, ಆ ಪ್ರಮಾಣಕ್ಕೆ, ಆ ಅವಧಿಗೆ ಮಾತ್ರ. ಸಕ್ಕರೆ ಕಾಯಿಲೆಗೋ ಕ್ಯಾನ್ಸರಿಗೋ ಇದೇ ಪುರಾವೆಯನ್ನು ಎಳೆದು ತರುವ ಜಾಹೀರಾತನ್ನು ನಂಬಬೇಡಿ.

ಮೂರನೆಯ ಹೆಜ್ಜೆ, ಕಾಳುಮೆಣಸು ಸೇರಿದೆಯೇ ಎಂದು ನೋಡುವುದು. ನುಂಗಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ತೀರ ಅಲ್ಪ. ಕರುಳು ಮತ್ತು ಯಕೃತ್ತು ಅದನ್ನು ಬೇಗ ಮಾರ್ಪಡಿಸಿ ಹೊರಹಾಕುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಸ್ವಯಂಸೇವಕರ ದೇಹಕ್ಕೆ ದಕ್ಕಿದ ಪ್ರಮಾಣ ಸುಮಾರು 20 ಪಟ್ಟು ಏರಿತು. ಜಗತ್ತಿನ ಎಷ್ಟೋ ಡಬ್ಬಿಗಳ ಮೇಲೆ ಇಂದು ಕಾಣುವ ಮೆಣಸಿನ ಹೆಸರಿನ ಹಿಂದೆ ಈ ಪ್ರಯೋಗವಿದೆ. ಆದರೆ ಪೈಪರಿನ್ ಅಡ್ಡಗಟ್ಟುವುದು ಯಕೃತ್ತಿನ ಕೆಲಸವನ್ನೇ. ನೀವು ನುಂಗುವ ಬೇರೆ ಔಷಧಿಗಳ ಪ್ರಮಾಣವನ್ನೂ ಅದು ರಕ್ತದಲ್ಲಿ ಏರಿಸಬಲ್ಲದು.

ಅಜ್ಜಿ ಮುತ್ತಜ್ಜಿಯರ ಕಾಲದಿಂದ ತಿಂದದ್ದು ಕೆಡುಕು ಮಾಡೀತೇ ಎಂಬ ಪ್ರಶ್ನೆ ಇಲ್ಲಿ ಸಹಜ. ಸಾರಿಗೆ, ಹಾಲಿಗೆ ಹಾಕುವ ಚಿಟಿಕೆಯ ಮಟ್ಟಿಗೆ ಪರಂಪರೆಯ ಸಾಕ್ಷಿ ಬಲವಾದದ್ದೇ. ಶೇ 95ರ ಸಾರವನ್ನು ಮೆಣಸಿನ ಸಾರದೊಂದಿಗೆ ತಿಂಗಳುಗಟ್ಟಲೆ ನುಂಗಿದ ಪರಂಪರೆ ಮಾತ್ರ ನಮ್ಮಲ್ಲಿಲ್ಲ. ಅಮೆರಿಕದ ತಜ್ಞರು 2022ರಲ್ಲಿ ಅರಿಶಿನ ಉತ್ಪನ್ನಗಳಿಂದ ಯಕೃತ್ತಿಗೆ ಹಾನಿಯಾದ 10 ಪ್ರಕರಣಗಳನ್ನು ದಾಖಲಿಸಿದರು; ಒಬ್ಬರು ತೀರಿಕೊಂಡರು. ಬಳಸುವವರ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪ, ಆದರೂ ಕಡೆಗಣಿಸುವಂಥದ್ದಲ್ಲ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಪಿತ್ತಕೋಶದ ಕಲ್ಲು ಅಥವಾ ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಮಾತ್ರೆ ಮುಟ್ಟಬಾರದು. ಉಳಿದವರು ಊಟದ ಜೊತೆ ಶುರುಮಾಡಿ, ನೋವಿನ ಮಟ್ಟವನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಳ್ಳಿ. ನಾಲ್ಕು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಹಣ ಸುರಿಯುವುದನ್ನು ನಿಲ್ಲಿಸಿ. ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೈ ತುರಿಸಿದರೆ ಆ ದಿನವೇ ಮಾತ್ರೆ ಬಿಟ್ಟು, ಡಬ್ಬಿಯನ್ನು ಕೈಯಲ್ಲೇ ಹಿಡಿದು ವೈದ್ಯರ ಬಳಿಗೆ ಹೋಗಿ.