ಹಳೇ ಬೀಜ, ಮೇಲ್ಮಣ್ಣು

ಹೊಸದುರ್ಗದ ಕಡೆ ನಮಗಿರುವ 2 ಎಕರೆ ಗರಸು ನೆಲದಲ್ಲಿ ರಾಗಿ ಕೈಗೆ ಹತ್ತುತ್ತಿರಲಿಲ್ಲ. ಕುರಿಗಾದರೂ ಆಗಲಿ ಎಂದು ಅಂಜನ ಹುಲ್ಲು ಹಾಕಲು ಹೊರಟೆ. ಬೇರು ಆಳಕ್ಕಿಳಿದು, ಬರ ತಡೆದು, ಒಂದೇ ಬುಡ ವರ್ಷಗಟ್ಟಲೆ ಚಿಗುರುವ ಹುಲ್ಲು ಅದು.

ಗುಡ್ಡದ ಬುಡದಲ್ಲಿ ತೆನೆ ಸವರಿ ತಂದ ಬೀಜವನ್ನು ಅದೇ ವರ್ಷ ಉತ್ತರೆ ಮಳೆಗೇ ಬಿತ್ತಿದೆ. ಹತ್ತಿಯಂಥ ನವಿರು ಇರುವ ಬೀಜ ಕೂರಿಗೆಯಲ್ಲಿ ಇಳಿಯಲಿಲ್ಲ. ಕೈಯಲ್ಲಿ ಎರಚಿದೆ, ಅರ್ಧ ಗಾಳಿಗೆ ಹೋಯಿತು. ಉಳಿದದ್ದನ್ನು ಕುಂಟೆ ಹೊಡೆದು ಮುಚ್ಚಿದೆ. ಒಂದು ಗರಿಯೂ ಏಳಲಿಲ್ಲ. ಬೀಜ ಜೊಳ್ಳು ಎಂದುಕೊಂಡು ಕೈಬಿಟ್ಟೆ.

ಮರುವರ್ಷ ರೋಹಿಣಿ ಮಳೆ ಬಿದ್ದ ಮೇಲೆ ಬದುವಿನ ಕಲ್ಲುಸಂದಿಯಲ್ಲೆಲ್ಲ ಹಸಿರು ಕಂಡಿತು. ಗಾಳಿಗೆ ಹಾರಿಹೋಗಿದ್ದ ಬೀಜವೇ! ಚಿಕ್ಕಪ್ಪ ಕೂತು ನೋಡಿ, "ಹೊಸ ಬೀಜ ಮಲಗಿರ್ತದೆ ಕಣಪ್ಪಾ. ಬೇಸಿಗೆ ಕಳೀಬೇಕು, ಆಮೇಲೆ ಏಳ್ತದೆ" ಅಂದರು. ಕುಂಟೆಯಡಿ ಆಳಕ್ಕೆ ಸೇರಿದ್ದು ಮಾತ್ರ ಮೇಲೆ ಬರಲೇ ಇಲ್ಲ. ಈ ಬೀಜಕ್ಕೆ ಬೆರಳ ಉಗುರಿನಷ್ಟು ಮಣ್ಣು ಸಾಕು.

ಈಗ ಎಂಟು ತಿಂಗಳಾದರೂ ಇಟ್ಟ ಬೀಜವನ್ನೇ ಬಿತ್ತುತ್ತೇನೆ. ಎಕರೆಗೆ 2 ಕಿಲೋ ಬೀಜವನ್ನು ಸಗಣಿ, ಕೆಮ್ಮಣ್ಣಿನಲ್ಲಿ ಕಲಸಿ ಸಣ್ಣ ಉಂಡೆ ಕಟ್ಟಿ ಚೆಲ್ಲಿ, ಮೇಲೆ ಮುಳ್ಳುಕೊಂಬೆ ಎಳೆಯುತ್ತೇನೆ.

ಎಲ್ಲ ನೆಲಕ್ಕೂ ಈ ಹುಲ್ಲು ಒಗ್ಗುವುದಿಲ್ಲ. ಚಿತ್ರದುರ್ಗದ ಕಲ್ಲುಗುಡ್ಡದ ಇಳಿಜಾರಿನಲ್ಲಿ ಸೊಂಪಾಗಿ ಬಂತು. ಹಿರಿಯೂರಿನ ನೆಂಟರ ಎರೆಹೊಲದ ತಗ್ಗಿನಲ್ಲಿ ನೀರು ನಿಂತು ಬುಡ ಕೊಳೆಯಿತು. ಹೊಳಲ್ಕೆರೆಯ ಗೆಳೆಯರೊಬ್ಬರು ಅಡಿಕೆ ತೋಟದೊಳಗೆ ಹಾಕಿ ಸೋತರು, ಇದಕ್ಕೆ ಬಿಸಿಲು ಬೇಕು. ನೆರಳಿಗೆ ಗಿನಿ ಹುಲ್ಲೇ ಸರಿ.

ನನಗೆ ಕಷ್ಟವಾದದ್ದು ಮೊದಲ ವರ್ಷ ಕುರಿ ಬಿಡದೆ ಇರುವುದು. ಹಸಿರು ಎದುರಿಗಿದೆ, ಮರಿಗಳು ಬೇಲಿಯಾಚೆ ಅರಚುತ್ತಿವೆ. ಒಂದು ಸಂಜೆ ಮನಸ್ಸು ತಡೆಯದೆ ಬಿಟ್ಟೆ. ಎಳೆಬುಡಗಳು ಬೇರುಸಮೇತ ಕಿತ್ತುಬಂದವು. ಆ ಮೂಲೆ ಇವತ್ತಿಗೂ ಬೋಳು.

ಆಗ ಅಮೃತಮಹಲ್ ದನ ಮೇಯುತ್ತಿದ್ದ ಕಾವಲುಗಳು ನೆನಪಾದವು. ಮೈಸೂರು ಅರಸ ಚಿಕ್ಕದೇವರಾಜ ಒಡೆಯರ ದನಗಳ ಇಲಾಖೆ 'ಬೆಣ್ಣೆ ಚಾವಡಿ'ಯಿಂದ ಬೆಳೆದ ಆ ವ್ಯವಸ್ಥೆಯಲ್ಲಿ ಮಳೆಗಾಲ, ಚಳಿಗಾಲ, ಬೇಸಿಗೆಗೆಂದು ಬೇರೆ ಬೇರೆ ಕಾವಲುಗಳಿದ್ದವು. ದನ ಒಂದರಲ್ಲಿದ್ದಾಗ ಇನ್ನೊಂದರ ಹುಲ್ಲಿಗೆ ಬಿಡುವು. ನಾನೂ ಹೊಲವನ್ನು ಮೂರು ಪಾಲು ಮಾಡಿದೆ. ಒಂದು ಪಾಲು ಗೇಣುದ್ದಕ್ಕೆ ಇಳಿಯುತ್ತಲೇ ಕುರಿಯನ್ನು ಮುಂದಿನದಕ್ಕೆ ಹೊಡೆಯುತ್ತೇನೆ. ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿದ್ದು ಬೇಸಿಗೆಯ ಮೇವು. ತೆನೆ ಬಲಿತು ಕಡ್ಡಿಯಾದರೆ ಕುರಿ ಮೂಸಿ ಬಿಡುತ್ತವೆ.

ಅಟ್ಟದ ಮೇಲೆ ರಾಗಿ ಬೀಜದ ಪಕ್ಕ ಹುಲ್ಲಿನ ಬೀಜದ ಮಡಕೆಯೂ ಇದೆ. ತುಂಬಿಟ್ಟ ತಿಂಗಳನ್ನು ಸುಣ್ಣದಲ್ಲಿ ಬರೆದಿದ್ದೇನೆ. ಬರುವ ರೋಹಿಣಿಗೆ ಆ ಬೋಳು ಮೂಲೆಗೆ ಮೊದಲು ಚೆಲ್ಲಬೇಕು.